ಮೇಷ್ಟ್ರ ಕೇಸು ವಾಪಸಾದ ಸಂಜೆ

ಕಳೆದ ಶನಿವಾರ ಮಗಳಿಗೆ ಡ್ರೈವಿಂಗ್ ಕಲಿಸುವವರ ಕಾರು ಅಮೆರಿಕದ ಸನ್ನಿವೇಲ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಬಂದು ನಿಂತಿತು. ಬಾಗಿಲು ತೆರೆದಾಗ ಕಲಿಸುವವರ ಕಾಲ ಬಳಿ ಇನ್ನೊಂದು ಬ್ರೇಕು ಕಾಣಿಸಿತು. ಸವೆದು ನುಣ್ಣಗಾದ ಕರಿ ಪೆಡಲು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ನಾನು ಅಲ್ಲೇ ನಿಂತಿದ್ದೆ. ಅಂಥದೊಂದು ಪೆಡಲಿನ ಮೇಲೆ ಕಾಲಿಟ್ಟುಕೊಂಡು "ಹೆದರ್ಬೇಡಿ ಮೇಡಂ, ನಾನಿದೀನಿ" ಎನ್ನುತ್ತಿದ್ದವರು ನೆನಪಾದರು...

ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ನೇಪಾಳದವರು. ಆದರೂ ಕನ್ನಡ ಬರುತ್ತಿತ್ತು. ಬೆಂಗಳೂರಿನ ಒಂದು ದರ್ಶಿನಿಯಲ್ಲಿ ನಾಲ್ಕು ವರ್ಷ ದೋಸೆ ಹುಯ್ದು ಕಲಿತ ಕನ್ನಡ. ಮಂಡ್ಯ, ಹಾಸನದ ಕಡೆಯಿಂದ ಬಂದು, ಕಾರು ಓಡಿಸಲು ಬಾರದೆ ಗ್ರಾಸರಿಗೂ ಗಂಡನನ್ನೇ ಕಾಯುತ್ತಿದ್ದ ನಮ್ಮಂಥವರಿಗೆಲ್ಲ ಅವರೇ ಗುರು. "ಸ್ಟೇರಿಂಗು ಮೆತ್ತಗೆ ಮೇಡಂ, ಕಾವಲಿ ಮೇಲೆ ಹಿಟ್ಟು ತಿರುಗಿಸ್ದಂಗೆ" ಎನ್ನುವರು. ನಗು ಬಂದು ನನ್ನ ಹೆದರಿಕೆ ಅರ್ಧ ಇಳಿಯುತ್ತಿತ್ತು.

ಕೆಂಪು ದೀಪಗಳಲ್ಲಿ ನಿಂತಾಗ ಅವರ ಕಥೆ ತುಂಡು ತುಂಡಾಗಿ ಸಿಕ್ಕಿತು. ಊರಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದರು. ಸರ್ಕಾರಕ್ಕೂ ಬಂಡುಕೋರರಿಗೂ ಯುದ್ಧ ಹತ್ತಿಕೊಂಡಾಗ, ಬಂಡುಕೋರರ ಪರವಾಗಿ ಶಾಲೆಯ ಗೋಡೆಯ ಮೇಲೆ ಘೋಷಣೆ ಬರೆದರು.

"ಹೆದರಿಸಿ ಬರೆಸಿದ್ರಾ?" ಎಂದು ಕೇಳಿದ್ದೆ.

"ಇಲ್ಲ ಮೇಡಂ. ಆಗ ನಂಬಿದ್ದೆ. ಅಕ್ಷರಾನೂ ಚೆನ್ನಾಗಿತ್ತು."

ದೇಶದ್ರೋಹದ ಕೇಸು ಬಿತ್ತು. ಗಡಿ ದಾಟಿ ಬೆಂಗಳೂರು ಸೇರಿದರು, ಅಲ್ಲಿಂದ ಇಲ್ಲಿಗೆ ಬಂದು ಆಶ್ರಯ ಪಡೆದರು. ಅದೇ ಶಾಲೆಯಲ್ಲಿದ್ದ ಅವರ ಪ್ರಾಣಸ್ನೇಹಿತ ಊರಲ್ಲೇ ಉಳಿದ. ಒಂದು ದಿನ ಪಾಠದ ಮಧ್ಯೆಯೇ ಅವನನ್ನು ಎಳೆದುಕೊಂಡು ಹೋಗಿ ಕೊಂದುಹಾಕಿದರಂತೆ. ಯಾವ ಕಡೆಯವರು ಎಂದು ಕೇಳಿದೆ, "ಹಸಿರು ಬಂತು, ಹೊರಡಿ ಮೇಡಂ" ಎಂದರು ಮೇಷ್ಟ್ರು. ಆ ಸ್ನೇಹಿತನ ತಂಗಿಯ ಜೊತೆಗೇ ಮೇಷ್ಟ್ರ ಮದುವೆ ನಿಶ್ಚಯವಾಗಿದ್ದದ್ದು. ಅಣ್ಣ ಹೋದ ಮೇಲೆ ಶಾಲೆಯನ್ನು ಆಕೆಯೇ ನಡೆಸುತ್ತಿದ್ದರು. ಇಲ್ಲಿಗೆ ಬಾ ಎಂದರೆ "ಶಾಲೆಗೆ ಬೀಗ ಹಾಕಿ ಬರೋಲ್ಲ" ಎಂಬ ಒಂದೇ ಉತ್ತರ. ಹೀಗೇ ಎಂಟು ವರ್ಷ...

ಕೊನೆಗೆ ಅಲ್ಲಿ ಎರಡೂ ಕಡೆಯವರು ಶಾಂತಿ ಒಪ್ಪಂದ ಮಾಡಿಕೊಂಡರು. ರಾಜಕೀಯ ಕಾರಣಕ್ಕೆ ಹಾಕಿದ ಕೇಸುಗಳನ್ನು ವಾಪಸು ತೆಗೆದುಕೊಳ್ಳುತ್ತಾರೆ ಎಂದು ಸುದ್ದಿಯಾಯಿತು. ಪಟ್ಟಿಯಲ್ಲಿ ತಮ್ಮ ಹೆಸರು ಬರುತ್ತದೋ ಇಲ್ಲವೋ ಎಂದು ಮೇಷ್ಟ್ರು ತಿಂಗಳುಗಟ್ಟಲೆ ಕಾದರು.

ಅವತ್ತು ನನ್ನ ಪಾಠ ನಡೆಯುತ್ತಿದ್ದಾಗ ಅವರ ಜೇಬಿನ ಫೋನು ಹೊಡೆದುಕೊಂಡಿತು. ಊರಿಂದ ಆಕೆಯ ಕರೆ. ಇಲ್ಲಿ ಸಂಜೆ, ಅಲ್ಲಿ ಬೆಳಗ್ಗೆ. ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಅವರು ಫೋನನ್ನು ಕಿವಿಗೆ ಒತ್ತಿಕೊಂಡರು. ಆಮೇಲೆ ಅಳುತ್ತಲೇ ನಗತೊಡಗಿದರು.

"ಕೇಸಿಲ್ಲ ಮೇಡಂ! ನನ್ ಮೇಲೆ ಕೇಸೇ ಇಲ್ಲ! ಓಕ್ಲ್ಯಾಂಡಿಗೆ ಓಡ್ಸಿ, ನಮ್ಮೋರೆಲ್ಲ ಅಲ್ಲವ್ರೆ."

"ಮೇಷ್ಟ್ರೇ, ನಂಗೆ ಫ್ರೀವೇ ಬರಲ್ಲ!"

"ಇವತ್ತು ನಂಗೂ ಬರಲ್ಲ. ನಿಮ್ ಕೈಯೇ ವಾಸಿ."

ದೇವರ ಮೇಲೆ ಭಾರ ಹಾಕಿ ಮೊದಲ ಸಲ ಫ್ರೀವೇ ಹತ್ತಿದೆ. ಬಂದರಿನ ಕಂಟೇನರು ಲಾರಿಗಳು ಹಾರ್ನು ಹೊಡೆಯುತ್ತ ನಮ್ಮನ್ನು ದಾಟಿ ಹೋದವು. ಮೇಷ್ಟ್ರು ಗಂಟಲು ಬಿಟ್ಟು ಅವರ ಭಾಷೆಯ ಹಾಡು ಹಾಡುತ್ತಿದ್ದರು, ನಡುನಡುವೆ ಅದೇ ರಾಗದಲ್ಲಿ "ಮಿರರ್ ನೋಡೀ..." ಎನ್ನುತ್ತಿದ್ದರು.

ಅರ್ಧ ದಾರಿಯಲ್ಲಿ ಹಾಡು ನಿಂತಿತು.

"ನನ್ ಸ್ನೇಹಿತನ್ನ ಕೊಂದೋರ ಕೇಸೂ ಹೋಯ್ತು ಮೇಡಂ. ಅವರನ್ನ ಬಿಟ್ಟಿದ್ದಕ್ಕೇ ನನ್ನೂ ಬಿಟ್ಟಿದ್ದು. ನಾನು ಖುಷಿ ಪಡಬಹುದಾ?"

"ಅವನ ತಂಗಿ ಏನಂದ್ರು, ಫೋನಲ್ಲಿ?" ಎಂದೆ.

ಅವರು ಕಿಟಕಿಯ ಕಡೆ ತಿರುಗಿದರು. "ಅಣ್ಣ ಅಂತೂ ಬರಲ್ಲ. ನೀನಾದ್ರೂ ಬಾ, ಅಂದ್ಲು."

ಇನ್ನೊಂದು ಮೈಲಿ ಕಳೆದಿರಬೇಕು. ಹಾಡು ಮತ್ತೆ ಶುರುವಾಯಿತು, ಈ ಸಲ ಮೆಲ್ಲಗೆ.

ಓಕ್ಲ್ಯಾಂಡಿನ ಆ ಪುಟ್ಟ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚಪ್ಪಲಿ. ಮೇಷ್ಟ್ರನ್ನು ಎತ್ತಿ ಕುಣಿಸಿದರು. ನನ್ನ ತಟ್ಟೆಗೆ ಬೇಡವೆಂದರೂ ಮೊಮೊ ಬೀಳುತ್ತಲೇ ಇತ್ತು. ಅಷ್ಟರಲ್ಲಿ ನಮ್ಮ ಯಜಮಾನರ ಫೋನು: "ಎಲ್ಲಿದೀಯ?"

"ಓಕ್ಲ್ಯಾಂಡಲ್ಲಿ."

"ಯಾರು ಕರ್ಕೊಂಡ್ಹೋದ್ರು?"

"ನಾನೇ ಓಡಿಸ್ಕೊಂಡ್ ಬಂದೆ!" ಎಂದು ಕಿರುಚಿದೆ. ಅರ್ಥವಾಗದಿದ್ದರೂ ಇಡೀ ಮನೆ ಚಪ್ಪಾಳೆ ತಟ್ಟಿತು. ಈ ದೇಶಕ್ಕೆ ಬಂದ ಮೇಲೆ ನಾನು ಅಷ್ಟು ನಕ್ಕಿದ್ದು ಅದೇ ಮೊದಲು.

ಒಂದು ತಿಂಗಳೊಳಗೆ ಮೇಷ್ಟ್ರು ಹೊರಟೇಬಿಟ್ಟರು. ಆಮೇಲೊಂದು ಮದುವೆಯ ಫೋಟೋ ಬಂತು. ಮಕ್ಕಳ ಗುಂಪಿನ ನಡುವೆ ಗಂಡು ಹೆಣ್ಣು ಇಬ್ಬರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಅವರು ಮತ್ತೆ ಲೆಕ್ಕ ಹೇಳಿಕೊಡುತ್ತಿದ್ದಾರೆ ಎಂದು ಕೇಳಿದ್ದೆ. ವರ್ಷಗಳು ಹೋದಂತೆ ಫೋನು ಕಡಿಮೆಯಾಯಿತು...

ಹೋದ ಚಳಿಗಾಲದಲ್ಲಿ ಅವರ ಹೆಂಡತಿಯ ಪತ್ರ ಬಂತು. ಮೇಷ್ಟ್ರು ಕಾಯಿಲೆಯಿಂದ ತೀರಿಕೊಂಡಿದ್ದರು. ಅವತ್ತು ಶಾಲೆಗೆ ರಜೆ ಕೊಟ್ಟಾಗ, ಏನೂ ತಿಳಿಯದ ಸಣ್ಣ ಮಕ್ಕಳು ಕುಣಿದಾಡಿಕೊಂಡು ಮನೆಗೆ ಓಡಿದರಂತೆ. ದೊಡ್ಡವರು ಗದರಿಸಲು ಹೋದಾಗ ಆಕೆ ತಡೆದರಂತೆ.

ಏನು ಬರೆಯುವುದೆಂದು ತಿಳಿಯದೆ ಆ ಪತ್ರಕ್ಕೆ ನಾನು ಉತ್ತರಿಸಿರಲಿಲ್ಲ. ಆ ಶನಿವಾರ ಮಗಳು ಪಾಠ ಮುಗಿಸಿ ಬರುವುದರೊಳಗೆ ಕೂತು, ಕೇಸು ವಾಪಸಾದ ಸಂಜೆಯನ್ನೆಲ್ಲ ಬರೆದೆ. ಆ ಬೆಳಗ್ಗೆ ತಾವು ಫೋನಿಟ್ಟ ಮೇಲೆ ಈ ಕಡೆ ಏನೇನಾಯಿತೆಂದು ಆಕೆಗೆ ಪೂರ್ತಿ ಗೊತ್ತಿರಲಾರದು.