ಕೆಂಪು ಕೋಸಿಗೆ ಹೊಡೆದ ಎಣ್ಣಿ

ಬ್ಯಾಡಗಿಯ ನಮ್ಮ ಹಿತ್ತಲಲ್ಲಿ ಕೆಂಪು ಎಲೆಕೋಸು ಬೆಳೆಯುವ ಹುಚ್ಚು ನನ್ನದೇ. ರಾಣೆಬೆನ್ನೂರಿನ ನರ್ಸರಿಯಿಂದ ಹನ್ನೆರಡು ಸಸಿ ತಂದು ನೆಟ್ಟಾಗ ಅವ್ವ ಆ ನೇರಳೆ ಎಲೆಗಳನ್ನು ಹೊರಳಿಸಿ ನೋಡಿ, ಇದನ್ನು ತಿನ್ನುವವರು ಯಾರು ಎಂದು ನಕ್ಕಿದ್ದಳು. ತಿಂಗಳೊಳಗೆ ಅವು ಅವಳವೇ ಆಗಿಬಿಟ್ಟವು. ಬೆಳಿಗ್ಗೆ ಎದ್ದವಳೇ ಎಲೆಯಡಿಯ ಹುಳ ಆರಿಸುತ್ತಿದ್ದಳು, ಬಚ್ಚಲೊಲೆಯ ಬೂದಿ ಉಗ್ಗುತ್ತಿದ್ದಳು.

ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಹಾವೇರಿಯ ನಮ್ಮ ಕಚೇರಿಯಲ್ಲಿ ಕೋಸಿನ ಬಗ್ಗೆ ಸಾಕಷ್ಟು ಕೊಚ್ಚಿಕೊಂಡಿದ್ದೆ, ಒಂದನ್ನು ತಂದು ತೋರಿಸುತ್ತೇನೆ ಎಂದೂ ಅಂದಿದ್ದೆ. ಗಡ್ಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿ ಅನ್ನಿಸುವ ಹೊತ್ತಿಗೆ ಹೊರಗಿನ ಎಲೆಗಳೆಲ್ಲ ತೂತು. ಅಂಥದ್ದನ್ನು ಯಾವ ಮುಖ ಹೊತ್ತು ತೋರಿಸಲಿ? ಹಳ್ಳಿಯಲ್ಲಿ ಹೊಲ ನೋಡಿಕೊಳ್ಳುವ ಅಣ್ಣನನ್ನು ಕೇಳಿದೆ. ಮೆಣಸಿನ ಗಿಡಕ್ಕೆ ಹೊಡೆದು ಉಳಿದಿದ್ದ ಎಣ್ಣಿಯನ್ನು ನೀರಿನ ಬಾಟಲಿಗೆ ಸುರಿದು ಕೊಟ್ಟ. ಕೀಟನಾಶಕಕ್ಕೆ ನಾವು ಅನ್ನುವುದೇ ಎಣ್ಣಿ, ಕೊಟ್ಟು ತಂದು ಮಾಡುವುದೂ ಹೀಗೆಯೇ. ಹೊಲದ ಎಣ್ಣಿ ಹಿತ್ತಲಿಗೆ ಬರಕೂಡದು ಎಂದು ಅವ್ವ ಮೊದಲೇ ತಾಕೀತು ಮಾಡಿದ್ದಳು. ಹಾಗಾಗಿ ಅವಳು ಜಳಕಕ್ಕೆ ಹೋದಾಗ ಹೊಡೆದು, ಯಾರಿಗೂ ಹೇಳದೆ ಬಸ್ಸು ಹಿಡಿದೆ. ಸಂಜೆ ಬಂದು ಹೇಳಿದರಾಯಿತು ಅಂದುಕೊಂಡೆ.

ರೊಟ್ಟಿಯ ಜೊತೆ ಹಸಿ ತಪ್ಪಲ ಇಲ್ಲದಿದ್ದರೆ ಅವ್ವನಿಗೆ ಊಟ ಸೇರುವುದಿಲ್ಲ. ಮೆಂತ್ಯವೋ ಹಕ್ಕರಕಿಯೋ, ಯಾವ ಸೊಪ್ಪಾದರೂ ಸರಿ. ಹಿತ್ತಲಿನದಾದರೆ ಸೆರಗಿಗೆ ಒರೆಸಿ ಬಾಯಿಗಿಡುವಳು. ಹುಟ್ಟಿದಾಗಿನಿಂದ ನೋಡುತ್ತ ಬಂದ ಈ ಸಂಗತಿ ಅಂದು ಬೆಳಿಗ್ಗೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಮಧ್ಯಾಹ್ನ ಕೋಸಿನ ಮೂರು ಎಲೆ ಮುರಿದುಕೊಂಡಳಂತೆ.

ಹೆಂಡತಿಯ ಫೋನು ಬಂದು ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವ್ವನಿಗೆ ವಾಂತಿ ನಿಂತಿರಲಿಲ್ಲ. ಈ ಬಣ್ಣದ ಕೋಸೇ ಮೈಗೆ ಆಗಿಬಂದಿಲ್ಲ ಎಂದು ಹೆಂಡತಿ ಡಾಕ್ಟರಿಗೆ ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಅವ್ವನ ಬಾಯಿಂದ ಜೊಲ್ಲು ಸುರಿಯತೊಡಗಿದ ಮೇಲಷ್ಟೇ ನಾನು ಬಾಯಿ ಬಿಟ್ಟೆ.

"ನಾನ ಎಣ್ಣಿ ಹೊಡದೇನ್ರಿ, ಮುಂಜಾನಿ."

ಯಾವ ಎಣ್ಣಿ ಎಂದು ಡಾಕ್ಟರು ಕೇಳಿದರು. ನನಗೇನು ಗೊತ್ತು? ನೀರಿನ ಬಾಟಲಿಯ ಮೇಲೆ ಅದರ ಹೆಸರು ಇರುತ್ತದೆಯೇ? ಅಣ್ಣ ಬದುವಿನ ಮೇಲೆ ಬಿಸಾಕಿದ್ದ ಡಬ್ಬಿ ಹುಡುಕಿ ಫೋನಿನಲ್ಲಿ ಹೆಸರು ಓದಿ ಹೇಳುವವರೆಗೆ ಒಂದು ತಾಸು ಹಿಡಿಯಿತು. ಆ ತಾಸೆಲ್ಲ ಹೆಂಡತಿ ನನ್ನ ಕಡೆ ನೋಡಲಿಲ್ಲ. ಅವ್ವನನ್ನು ನಾನೇ ಕೊಂದೆ ಎಂದೇ ತಿಳಿದಿದ್ದೆ.

ಅವ್ವ ಉಳಿದಳು. ಮನೆಗೆ ಬಂದ ಮೇಲೆ, ಮಾತಾಡಿಸಲು ಬಂದವರಿಗೆಲ್ಲ ಹಳಸಿದ ಸಾರು ಉಂಡಿದ್ದೆ ಎಂದಳು. ನನ್ನ ಸುದ್ದಿ ಎತ್ತಲೇ ಇಲ್ಲ. ನಾಲ್ಕು ಮಾತು ಬೈದಿದ್ದರೆ ಜೀವಕ್ಕೆ ಹಗುರಾಗುತ್ತಿತ್ತು. ಕುಡುಗೋಲು ಹಿಡಿದು ಹನ್ನೆರಡೂ ಗಡ್ಡೆ ಕೊಯ್ದೆ. ಒಂದನ್ನು ಸೀಳಿ ನೋಡಿದರೆ ಒಳಗೆ ಹುಳದ ಸುಳಿವೇ ಇರಲಿಲ್ಲ. ತೂತು ಹೊರಗಿನ ನಾಲ್ಕೆಲೆಗಷ್ಟೇ ಬಿದ್ದಿತ್ತು, ಎಣ್ಣಿ ಹೊಡೆಯುವ ಅಗತ್ಯವೇ ಇರಲಿಲ್ಲ. ದನಕ್ಕೂ ಹಾಕುವಂತಿಲ್ಲದ ಆ ಕೋಸನ್ನೆಲ್ಲ ಗುಂಡಿ ತೋಡಿ ಮುಚ್ಚಿದೆ.

ಈ ಸಲ ಮೆಂತ್ಯವಷ್ಟೇ ಹಾಕಿದ್ದೇನೆ. ಮೊನ್ನೆ ಮೊದಲ ಹಿಡಿ ಕಿತ್ತು ತೊಳೆದು ಅವ್ವನ ತಾಟಿನಲ್ಲಿಟ್ಟೆ. ನಾನು ಕೊಟ್ಟದ್ದನ್ನು ಎಂದೂ ಏನೆಂದು ಕೇಳದವಳು ತಲೆಯೆತ್ತಿ ನನ್ನ ಮುಖ ನೋಡಿದಳು.

"ಇದಕ್ಕ ಏನರ ಹೊಡದಿಯೇನಪಾ?"

ಇಲ್ಲವೆಂದೆ. ಅದು ಖರೇನೇ ಆಗಿತ್ತು. ಅವ್ವ ಹೂಂ ಅಂದು, ಮೆಂತ್ಯವನ್ನು ತಾಟಿನ ಅಂಚಿಗೆ ಸರಿಸಿ, ಬರೀ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದಳು.