ಗರಗಸನಿಗೆ ಹಲ್ಲು ಕಟ್ಟಿದವರು

ಬೀದಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಎರಡನೇ ಮಹಡಿಯ ಹಿಂಬದಿ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತು ದಾಟಿದ, ಬನಿಯನ್ ತೊಟ್ಟ ಒಬ್ಬರು ಕನ್ನಡಿ ಮುಂದೆ ನಿಂತು, ಬಾಯಿ ತುಂಬ ಉಕ್ಕಿನ ಬಣ್ಣದ ಹಲ್ಲು ಹಾಕಿಕೊಂಡು, ಹುಬ್ಬು ಗಂಟಿಕ್ಕಿ, "ಬಾಗಿಲು ಹಾಕು" ಎಂದು ಗದರುತ್ತಿದ್ದಾರೆ. ಅಡುಗೆಮನೆಯಿಂದ ಹೆಂಡತಿಯ ದನಿ ಬರುತ್ತದೆ: "ಹಾಕಿದೀನಿ ಕಣ್ರೀ! ಬೆಳಿಗ್ಗೆಯಿಂದ ಎಷ್ಟು ಸಲ ಹಾಕ್ಲಿ?"

ಬೀದಿಯವರ ಬಾಯಲ್ಲಿ ಇವರು ಹಲ್ಲಣ್ಣ. ಹಲ್ಲಿನ ಡಾಕ್ಟರಲ್ಲ, ಡಾಕ್ಟರು ಕಳಿಸಿದ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ತಯಾರಿಸುವವರು. ಗುಲಾಬಿ ಮೇಣ ಕಾಯಿಸಿ ಒಸಡು ತೀಡುವುದು, ಒಂದೊಂದೇ ಹಲ್ಲು ಕೂರಿಸುವುದು, ಅರೆದು ನುಣುಪು ಮಾಡುವುದು. ದಿನಕ್ಕೆ ನಾಲ್ಕೈದು ಸೆಟ್ಟಿನಂತೆ ಸುಮಾರು ಮೂವತ್ತು ವರ್ಷದಿಂದ ಇದೇ ಕೆಲಸ. ಗೋಡೆಯುದ್ದಕ್ಕೂ ಹಲಗೆ, ಹಲಗೆ ತುಂಬ ಪ್ಲಾಸ್ಟರಿನ ದವಡೆಗಳು. ಪತ್ರಿಕೆಗೆ ಬರೆಯಲೆಂದು ಹೋದ ನಾನು ಮೊದಲ ಸಲ ಒಳಗೆ ಕಾಲಿಟ್ಟಾಗ ಅಷ್ಟೂ ದವಡೆಗಳು ಒಟ್ಟಿಗೆ ಹಲ್ಲು ಕಿರಿದಂತಾಗಿ ಒಂದು ಹೆಜ್ಜೆ ಹಿಂದೆ ಸರಿದೆ, ಸುಳ್ಳು ಯಾಕೆ ಹೇಳಲಿ.

"ಊರಿನ ಅರ್ಧ ಬಾಯಿ ನನಗೆ ಗೊತ್ತು ಮೇಡಂ, ಮುಖ ಗೊತ್ತಿಲ್ಲ" ಎನ್ನುತ್ತಾರೆ ಹಲ್ಲಣ್ಣ. "ಬಸ್ಸಲ್ಲಿ ಯಾರಾದ್ರೂ ನಕ್ರೆ, ಅರೆ, ಇದು ನಂದೇ ಅಲ್ವಾ ಅನ್ಸುತ್ತೆ. ಕೇಳೋಕಾಗುತ್ತಾ? ಒದೆ ಬೀಳುತ್ತೆ."

ಇಂಥವರ ಮನೆ ಮೆಟ್ಟಿಲನ್ನು ಒಂದು ಸಿನಿಮಾ ಹತ್ತಿಕೊಂಡು ಬಂದಿದ್ದು ಕಳೆದ ವರ್ಷ. ಚಿತ್ರದ ಮೇಕಪ್ ಮಾಡುವ ಹೆಂಗಸು ತಮ್ಮ ಹಲ್ಲಿಗೆ ಕ್ಯಾಪು ಕೂರಿಸಿಕೊಂಡಿದ್ದರಂತೆ. ಯಾವುದು ನಿಜದ್ದು, ಯಾವುದು ಕಟ್ಟಿದ್ದು ಎಂದು ಅವರಿಗೇ ಗೊತ್ತಾಗದೆ, ಇದನ್ನು ಮಾಡಿದವರು ಯಾರೆಂದು ಹುಡುಕಿಕೊಂಡು ಬಂದರು. ಕೂತವರೇ ಚೀಲದಿಂದ ಒಂದು ಹಳೆಯ ಕಾಮಿಕ್ಸ್ ತೆಗೆದರು. ಮುಖಪುಟದಲ್ಲಿ ಗರಗಸ! ಬಾಯಲ್ಲಿ ನಲವತ್ತು ಉಕ್ಕಿನ ಹಲ್ಲು, ರೈಲು ಸೇತುವೆಯನ್ನು ಕಬ್ಬಿನ ಜಲ್ಲೆಯಂತೆ ಕಡಿದು ಉಗಿಯುವ ಖಳ. ಹಲ್ಲಣ್ಣನ ಬಾಲ್ಯವೆಲ್ಲ ಅವನ ಭಯದಲ್ಲೇ ಕಳೆದಿದ್ದು. ಸಿನಿಮಾ ಅವನದೇ ಎಂದು ತಿಳಿದಾಗ ಕುಣಿದುಬಿಟ್ಟರಂತೆ.

ಆದರೆ ನಿರ್ದೇಶಕಿಗೆ ಬೇಕಾಗಿದ್ದು ಪುಸ್ತಕದ ಗರಗಸನಲ್ಲ. ನಿಜವಾಗಿ ಇಂಥವನೊಬ್ಬ ನಮ್ಮ ಪಕ್ಕದ ಬೀದಿಯಲ್ಲಿದ್ದರೆ ಹೇಗಿರುತ್ತಾನೆ ಎಂಬುದು ಅವರ ಪ್ರಶ್ನೆ. ಅವರ ಕಥೆಯಲ್ಲಿ ಗರಗಸ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದವನು. ಅಪಘಾತದಲ್ಲಿ ಹಲ್ಲೆಲ್ಲ ಹೋಗಿ, ಯಾರೂ ದಿಕ್ಕಿಲ್ಲದೆ, ಗುಜರಿ ಉಕ್ಕಿನಲ್ಲಿ ತನ್ನ ಹಲ್ಲು ತಾನೇ ಮಾಡಿಕೊಂಡವನು. ಆ ಹಲ್ಲು ನೋಡಿ ಜನ ನಗಬಾರದು, ನಡುಗಬೇಕು. ನಟನ ಸ್ವಂತ ಹಲ್ಲಿನ ಮೇಲೆ ತೊಡಿಸುವಂಥ ತೆಳು ಸೆಟ್ಟು ಆಗಬೇಕು. ಆಗದಿದ್ದರೆ ಕಂಪ್ಯೂಟರಿನಲ್ಲಿ ಬರೆಸಿಬಿಡೋಣ ಎಂದು ನಿರ್ಮಾಪಕರು ಮೊದಲೇ ಹೇಳಿದ್ದರು.

"ಕಂಪ್ಯೂಟರ್ ಅಂದ ತಕ್ಷಣ ನಾನೇ ಮಾಡ್ಕೊಡ್ತೀನಿ ಅಂದ್ಬಿಟ್ಟೆ" ಎಂದು ಹಲ್ಲಣ್ಣ ಎದೆ ಮುಟ್ಟಿಕೊಳ್ಳುತ್ತಾರೆ. "ನನ್ನ ಗರಗಸ ಮೇಡಂ ಅವನು! ಕೈ ಬಿಡೋಕಾಗುತ್ತಾ?"

ಮೊದಲ ಸೆಟ್ಟು ಪುಸ್ತಕದಲ್ಲಿದ್ದ ಹಾಗೇ ಮೂರು ಮೂಲೆಯ ಹಲ್ಲುಗಳದ್ದು. ನಟ ಹಾಕಿಕೊಂಡರೆ ತುಟಿ ಮುಚ್ಚಲಿಲ್ಲ. "ಸಾಯಿಸ್ತೀನಿ" ಎಂದರೆ ಕುಕ್ಕರ್ ಕೂಗಿದ ಹಾಗೆ ಕೇಳಿಸಿತು. ಎರಡನೆಯದು ಮನುಷ್ಯರ ಹಲ್ಲಿನಂತೆಯೇ, ಬಣ್ಣ ಮಾತ್ರ ಉಕ್ಕಿನದು. ಅದು ಎಷ್ಟು ಚೆನ್ನಾಗಿ ಕೂತಿತೆಂದರೆ ನಟನಿಗೆ ಸುಮ್ಮಸುಮ್ಮನೆ ನಗಬೇಕೆನಿಸಿತಂತೆ. "ಇವನು ಊರು ಹಾಳು ಮಾಡೋಕೆ ಬಂದವನ ಥರ ಇಲ್ಲ, ಮದುಮಗನ ಥರ ಇದಾನೆ" ಎಂದು ನಿರ್ದೇಶಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೆಯದನ್ನು ಹಟ ತೊಟ್ಟು ಸೊಟ್ಟಗೆ ಮಾಡಲು ಕೂತರು. ಆದರೆ ಹಾಳಾದ್ದು ಕೈ ಕೇಳಬೇಕಲ್ಲ! ಮಾತಾಡುತ್ತಾ ಮಾತಾಡುತ್ತಾ ಚೂಪನ್ನೆಲ್ಲ ಅರೆದು, ಚುಚ್ಚುವ ಅಂಚನ್ನೆಲ್ಲ ತೀಡಿ, ಸಂಜೆಗೆ ನೋಡಿದರೆ ಮತ್ತೆ ಮುತ್ತು ಪೋಣಿಸಿದ ಹಾಗಿತ್ತು.

"ಯಾರಿಗೂ ನೋವಾಗದಂಗೆ ಮಾಡೋದನ್ನೇ ಕಲ್ತಿರೋ ಕೈ ಇದು. ನೋವಾಗೋ ಥರ ಮಾಡು ಅಂದ್ರೆ ಅದಕ್ಕೆ ಅರ್ಥಾನೇ ಆಗಲ್ಲ" ಎನ್ನುವಾಗ ಅವರಿಗೆ ನಾಚಿಕೆ. ನಿರ್ದೇಶಕಿ ಒಳ್ಳೆಯ ಮನಸ್ಸಿನವರು, ಇನ್ನೊಂದು ಸಲ ನೋಡೋಣ ಎಂದರು. ಅದೇ ಕೊನೆಯದು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಈಗ ಅತ್ತೆಯವರು ಬರಬೇಕು. ಹಲ್ಲಣ್ಣನ ಹೆಂಡತಿಯ ತಾಯಿ, ಇದೇ ಮನೆಯಲ್ಲಿ ಇರುವವರು, ಎಂಬತ್ತರ ಹತ್ತಿರ. ನಾನು ಹೋದ ದಿನ ಬಾಗಿಲು ತೆಗೆದವರೇ ನನ್ನ ಸೀರೆ, ನನ್ನ ಸಂಬಳ, ನನ್ನ ಮೊಣಕಾಲು ನೋವು ಎಲ್ಲ ವಿಚಾರಿಸಿ, ಮೂರಕ್ಕೂ ಸಲಹೆ ಕೊಟ್ಟು ಆಮೇಲೆ ಒಳಗೆ ಬಿಟ್ಟರು. ಆದರೆ ಹಲ್ಲಣ್ಣ ಅಳಿಯನಾಗಿ ಬಂದ ಕಾಲದಲ್ಲಿ ಈ ಅಜ್ಜಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲವಂತೆ. ಹೂಂ, ಉಹೂಂ, ಅಷ್ಟೇ. ನಗು ಎಂಬುದೇ ಇಲ್ಲ. ಅವರು ಮೆಟ್ಟಿಲಿಳಿದರೆ ಬೀದಿಯ ಮಕ್ಕಳು ಆಟ ನಿಲ್ಲಿಸಿ ಗೋಡೆಗೆ ಅಂಟಿಕೊಳ್ಳುತ್ತಿದ್ದವು.

"ಅವರು ಬಂದ್ರೆ ನಾನೂ ಎದ್ದು ಒಳಗೆ ಹೋಗ್ಬಿಡ್ತಿದ್ದೆ" ಎಂದು ಅಳಿಯ ಪಿಸುಗುಟ್ಟುತ್ತಾರೆ. "ಒಂದಿನ ಊಟಕ್ಕೆ ಕೂತಾಗ ನೋಡ್ತೀನಿ, ಮೇಲಿನ ಸೆಟ್ಟು ಲೊಡಲೊಡ ಅಂತಿದೆ. ಅದನ್ನ ನಾಲಿಗೇಲಿ ಎತ್ತಿ ಹಿಡ್ಕೊಂಡಿದಾರೆ! ಕೋಪ ಅಲ್ಲ ಮೇಡಂ, ಮಾತಾಡಿದ್ರೆ ಹಲ್ಲು ಬಿದ್ದೋಗುತ್ತೆ ಅಂತ ಭಯ. ಒಸಡೆಲ್ಲ ಹುಣ್ಣು. ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ, ಪಾಪ."

ಹೊಸ ಅಳಿಯ ಅತ್ತೆಗೆ ಬಾಯಿ ತೆಗೀರಿ ಅನ್ನುವುದು ಹೇಗೆ? ಹೆಂಡತಿಯನ್ನು ಮುಂದೆ ಬಿಟ್ಟು, ರಮಿಸಿ, ಡಾಕ್ಟರ ಹತ್ತಿರ ಅಳತೆ ತೆಗೆಸಿ ಹೊಸ ಸೆಟ್ಟು ಮಾಡಿಕೊಟ್ಟರು. "ಹಾಕ್ಕೊಂಡಿದ್ದು ಬೆಳಿಗ್ಗೆ" ಎಂದು ಹೆಂಡತಿ ಸೇರಿಸುತ್ತಾರೆ. "ಅವತ್ತು ಶುರು ಮಾಡಿದ ಮಾತು, ಇವತ್ತಿನವರೆಗೂ ನಿಲ್ಸಿಲ್ಲ ನಮ್ಮಮ್ಮ."

ಮೂರನೇ ಸೆಟ್ಟೂ ಸೋತ ಆ ಸಂಜೆ ಊಟದ ತಟ್ಟೆ ಮುಂದೆ ಅಳಿಯ ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನು ಅಜ್ಜಿ ನೋಡಿದರು. "ಕೆಟ್ಟ ಹಲ್ಲು ಮಾಡೋಕೆ ಬರಲ್ವಂತಾ? ತಡಿ" ಎಂದು ಎದ್ದು, ಗುಂಡಿ, ಸೂಜಿ ಇಡುವ ಡಬ್ಬದಿಂದ ತಮ್ಮ ಹಳೆಯ ಸೆಟ್ಟು ತೆಗೆದು, ತೊಳೆದು, ಹಾಕಿಕೊಂಡು ಬಂದು ಎದುರಿಗೆ ಕೂತರು. ಕೆನ್ನೆ ಒಳಗೆ ಹೋಯಿತು, ದವಡೆ ಬಿಗಿಯಿತು. ನಾಲಿಗೆ ಒಳಗೊಳಗೇ ಏನನ್ನೋ ಸರಿಮಾಡಿಕೊಂಡಿತು. ಆಮೇಲೆ ಎರಡೇ ಮಾತು: "ನೀರು ಕೊಡು."

ಹೆಂಡತಿ ತಟ್ಟೆ ಕೆಳಗಿಟ್ಟು ನೀರಿಗೆ ಓಡಿದರು. ಕಾಲೇಜಿಗೆ ಹೋಗುವ ಮಗಳು, ಅಜ್ಜಿಯ ಈ ಮುಖವನ್ನು ಯಾವತ್ತೂ ಕಂಡಿರದವಳು, ಅಪ್ಪನ ಪಕ್ಕಕ್ಕೆ ಸರಿದು ಕೂತಳು. ಹಲ್ಲಣ್ಣ ಮಾತ್ರ ಎಂಜಲು ಕೈಯಲ್ಲೇ ಎದ್ದು, "ಅತ್ತೆ, ತೆಗೀಬೇಡಿ! ಹಂಗೇ ಇರಿ!" ಎಂದು ಕೂಗುತ್ತಾ ಮೇಣ ಕಾಯಿಸಲು ಹೋದರು. ಅತ್ತೆಯ ಬಾಯಿಗೆ ಆ ಸೆಟ್ಟು ಎಲ್ಲೆಲ್ಲಿ ಸಡಿಲ, ಎಲ್ಲೆಲ್ಲಿ ಒತ್ತುತ್ತಿತ್ತು ಎಂದು ನೋಡಿ ನೋಡಿ ನಾಲ್ಕನೆಯದನ್ನು ಕಟ್ಟಿದರು. ನಟನಿಗೆ ಗಾಯವಾಗಬಾರದು, ಆದರೆ ನಾಲಿಗೆಯಲ್ಲಿ ಹಿಡಿದುಕೊಳ್ಳದಿದ್ದರೆ ಜಾರಬೇಕು. ಅಂಚು ತೀಡಲು ಕೈ ಹೋದಾಗಲೆಲ್ಲ ಅತ್ತೆ ಪಕ್ಕದಲ್ಲೇ ಕೂತು ಗದರುತ್ತಿದ್ದರು.

ಅಷ್ಟಕ್ಕೇ ಬಿಡುವ ಅಜ್ಜಿಯೇ? ನಟನನ್ನೂ ಮನೆಗೆ ಕರೆಸಿಕೊಂಡರು. ಪೋಸ್ಟರಿನಲ್ಲಿ ಎರಡಾಳೆತ್ತರ ಕಾಣುವ ಆ ಮನುಷ್ಯ ಒಂದು ವಾರ ಅಜ್ಜಿಯ ಮುಂದೆ ಸ್ಟೂಲಿನ ಮೇಲೆ ಕೂತು ಪಾಠ ಹೇಳಿಸಿಕೊಂಡ. "ಟೀ ಗಟಗಟ ಕುಡೀಬೇಡ, ಮಗಾ. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಕೋ. ಉದ್ದ ಮಾತು ಆಡಬೇಡ. ಆಡೋಕೆ ಮುಂಚೆ ಹಲ್ಲು ಕೂರಿಸ್ಕೋ. ಎದುರಿಗಿರೋರು ಕಾಯ್ತಾರೆ, ಕಾಯ್ಲಿ. ನಗು ಬಂತಾ? ನುಂಗು."

ಪರೀಕ್ಷೆಯ ಚಿತ್ರೀಕರಣಕ್ಕೆ ಇಡೀ ಮನೆಯೇ ಹೋಯಿತು. ನಟ ಬಂದ, ನಿಂತ. ಕೆನ್ನೆಯೊಳಗೆ ಏನೋ ಸಣ್ಣಗೆ ಅಲುಗಾಡಿತು. ಎಲ್ಲರೂ ಕಾದರು. "ಬಾಗಿಲು ಹಾಕು" ಎಂದ, ಮೆಲ್ಲಗೆ. ಮೂಲೆಯಲ್ಲಿ ನಿಂತಿದ್ದ ಮೇಕಪ್ಪಿನ ಹೆಂಗಸು ನಿಜವಾಗಿಯೂ ಹೋಗಿ ಬಾಗಿಲು ಹಾಕಿದರು! ಇಡೀ ಸ್ಟುಡಿಯೋ ಬಿದ್ದು ಬಿದ್ದು ನಕ್ಕಿತು. ನಿರ್ದೇಶಕಿ ಬಂದು ಹಲ್ಲಣ್ಣನನ್ನು ತಬ್ಬಿಕೊಂಡರು. ನಿರ್ಮಾಪಕರು ಕಂಪ್ಯೂಟರಿನ ಮಾತು ಮತ್ತೆ ಎತ್ತಲಿಲ್ಲ.

ಈಗ ಚಿತ್ರೀಕರಣ ಭರದಿಂದ ಸಾಗಿದೆ. ಹೊಡೆದಾಟದಲ್ಲಿ ವಾರಕ್ಕೊಂದು ಸೆಟ್ಟು ಮುರಿಯುತ್ತದೆ, ಹಲ್ಲಣ್ಣ ಮತ್ತೊಂದು ಕಟ್ಟುತ್ತಾರೆ. ಪ್ರತಿ ಸಲವೂ ತಮ್ಮ ಅಳತೆಗೆ ಇನ್ನೊಂದು ಮಾಡಿ, ಬೆಳಗಾಗುವ ಮೊದಲು ತಮ್ಮ ಬಾಯಲ್ಲೇ ಹಾಕಿ ನೋಡುತ್ತಾರೆ. ಅಜ್ಜಿಯಂತೂ ಹಾಲಿನವರಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ಹೇಳಿದ್ದಾಗಿದೆ: "ಆ ಖಳನಾಯಕ ಇದಾನಲ್ಲ, ಅವನಿಗೆ ನಾನೇ ಗುರು."

ಹೊರಡುವ ಹೊತ್ತಿಗೆ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಹಲ್ಲಣ್ಣ ಬಾಗಿಲ ಕಡೆ ನೋಡಿ, ಮೇಜಿನ ಖಾನೆಯಿಂದ ಒದ್ದೆ ಹತ್ತಿಯಲ್ಲಿ ಸುತ್ತಿದ್ದ ಪೊಟ್ಟಣ ತೆಗೆದರು. ಒಳಗೆ ಮತ್ತೊಂದು ಸೆಟ್ಟು, ನಟನ ಅಳತೆಯದೇ. ಗುಲಾಬಿ ಒಸಡು, ಬಿಳಿ ಹಲ್ಲು. ಯಾರೂ ಕೇಳದೆ, ದುಡ್ಡಿಗಲ್ಲದೆ ಮಾಡಿದ್ದು.

"ಪಿಕ್ಚರ್ ಕೊನೇಲಿ ಗರಗಸ ಜೈಲಿಗೆ ಹೋಗ್ತಾನೆ" ಎಂದರು. "ನಿರ್ದೇಶಕರನ್ನ ಕೇಳ್ದೆ, ಮೇಡಂ, ಜೈಲಲ್ಲಿ ಹಲ್ಲಿನ ಡಾಕ್ಟ್ರು ಇರ್ತಾರಲ್ವಾ ಅಂತ. ಮೊದ್ಲು ನಕ್ರು. ಆಮೇಲೆ ಯೋಚ್ನೆ ಮಾಡ್ತೀನಿ ಅಂದಿದಾರೆ."

ಪೊಟ್ಟಣವನ್ನು ಮತ್ತೆ ಜೋಪಾನವಾಗಿ ಸುತ್ತುತ್ತಾ ಹೇಳಿದರು: "ತಪ್ಪು ಮಾಡಿದಾನೆ, ಶಿಕ್ಷೆ ಆಗ್ಲಿ ಬಿಡಿ. ಆದ್ರೆ ಅಷ್ಟು ವರ್ಷ ನೋವು ತಿಂದಿದಾನೆ, ಯಾರೂ ಬಾಯಿ ತೆಗಿ ನೋಡೋಣ ಅನ್ನಲಿಲ್ಲ. ಒಂದೇ ಒಂದು ಸಲ ಬಾಯ್ತುಂಬ ನಗ್ಲಿ, ಮೇಡಂ."