ನನಗೊಬ್ಬನಿಗೆ ಮುನಿದ ಕೀಬೋರ್ಡ್

ಎರಡು ದಿನ ಜ್ವರ ಬಿಡದಿದ್ದರೆ ಜೋಯಿಸರ ಬಳಿ ಓಡುವ ನೆಂಟರು ನನಗೆ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ನಾನು ಗೇಲಿ ಮಾಡಿದಷ್ಟು ಬೇರೆ ಯಾರೂ ಮಾಡಿರಲಿಕ್ಕಿಲ್ಲ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಹಚ್ಚಲು ಬಂದ ಹೆಂಡತಿಯನ್ನು, ಪುಡಿ ಕೀಗಳ ಸಂದಿಗೆ ಹೋಗುತ್ತದೆ ಎಂದು ಬಾಗಿಲಲ್ಲೇ ತಡೆದವನು ನಾನು. ಇಂಥವನು ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕು ಎಂದು ಹಟ ಮಾಡುವುದಿಲ್ಲ. ನನ್ನ ಕಣ್ಣೆದುರು ನಡೆಯದಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾನು ದಸ್ತಾವೇಜು ಬರೆಯುವವನು. ಉಡುಪಿಯಲ್ಲಿ ನೋಂದಣಿ ಕಚೇರಿಗೆ ಹತ್ತಿರ ಒಂದು ಸಣ್ಣ ಕೋಣೆ, ಒಂದು ಕಂಪ್ಯೂಟರ್, ಬಂದವರಿಗೆ ಕೂರಲು ಒಂದು ಬೆಂಚು. ಎಲ್ಲರೂ ನನ್ನನ್ನು ರೈಟರೇ ಎಂದೇ ಕರೆಯುವುದು. ಕಂಪ್ಯೂಟರಿನಲ್ಲಿ ಎರಡು ಲಾಗಿನ್ ಇವೆ. ಒಂದು ನನ್ನದು, ಕನ್ನಡದ ಪತ್ರಗಳೆಲ್ಲ ಅದರಲ್ಲಿ. ಇನ್ನೊಂದು ಸಹಾಯಕಿ ಶ್ವೇತಾಳದ್ದು, ಇಂಗ್ಲಿಷ್ ಅರ್ಜಿಗಳಿಗೆ. ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ಆಗ ನನ್ನ ಲಾಗಿನ್ನಿನಲ್ಲಿ ಮಾತ್ರ ಇತ್ತು.

ಕೆಲವು ವರ್ಷಗಳ ಹಿಂದೆ, ಸೆಖೆಯ ಒಂದು ಮಧ್ಯಾಹ್ನ. ಶ್ವೇತಾ ತಂಗಿಯ ನಿಶ್ಚಿತಾರ್ಥವೆಂದು ಕಾರ್ಕಳಕ್ಕೆ ಹೋಗಿದ್ದಳು. ಕಾಪು ಕಡೆಯ ಲಾರೆನ್ಸ್ ಮತ್ತು ಅವರ ಅಕ್ಕ ಫೆಲ್ಸಿ ಬಾಯಿ ಬಂದಿದ್ದರು. ತಂದೆಯ ಜಾಗದಲ್ಲಿ ಅಕ್ಕನಿಗಿದ್ದ ಪಾಲನ್ನು ತಮ್ಮನಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ಅಂದೇ ನೋಂದಣಿಯಾಗಬೇಕಿತ್ತು. ಲಾರೆನ್ಸರು ಮರುದಿನ ವಿಮಾನ ಹತ್ತಿ ಕೊಲ್ಲಿಯ ಕೆಲಸಕ್ಕೆ ಮರಳುವವರು. ಮದುವೆಯಾಗದ ಫೆಲ್ಸಿ ಬಾಯಿ ಆ ಜಾಗದ ಮನೆಯಲ್ಲೇ ಇದ್ದರು. ಅಂಗಳದ ಮಲ್ಲಿಗೆ ಗಿಡಗಳೇ ಅವರ ಹೊಟ್ಟೆಪಾಡು. ಸಹಿ ಬಿದ್ದರೆ ಮನೆಯೂ ಗಿಡಗಳೂ ತಮ್ಮನವು.

ಇಂಥ ಪತ್ರಗಳು ನನಗೆ ಹೊಸತಲ್ಲ. ಅಕ್ಕತಂಗಿಯರು ಬರುತ್ತಾರೆ, ನೆಲ ನೋಡುತ್ತಾ ಕೂರುತ್ತಾರೆ, ಸಹಿ ಹಾಕಿ ಹೋಗುತ್ತಾರೆ. ಮನೆಮಂದಿ ಮಾತಾಡಿಕೊಂಡು ಬಂದ ಮೇಲೆ ಬರೆದುಕೊಡುವುದಷ್ಟೇ ನನ್ನ ಕೆಲಸ.

ಫೆಲ್ಸಿ ಬಾಯಿ ಮಾತ್ರ ಒಂದು ಮಾತು ಕೇಳಿದರು. "ರೈಟರೇ, ನಾನು ಇರುವಷ್ಟು ಕಾಲ ಆ ಮನೆಯಲ್ಲಿ ಇರಬಹುದು ಅಂತ ಒಂದು ಸಾಲು ಹಾಕ್ಲಿಕ್ಕೆ ಆಗ್ತದಾ?"

ನಾನು ಬಾಯಿ ತೆರೆಯುವ ಮೊದಲೇ ಲಾರೆನ್ಸ್ ನಕ್ಕರು. "ನಿನ್ನನ್ನು ಯಾರು ಹೊರಗೆ ಹಾಕ್ತಾರೆ ಅಕ್ಕ? ನಮ್ಮೊಳಗೆ ಬರಹ ಎಂತಕ್ಕೆ? ಅದೆಲ್ಲ ಬೇಡ ರೈಟರೇ, ನಾಳೆ ಸಾಲ ಕೇಳಿದ್ರೆ ಬ್ಯಾಂಕಿನವರು ತಕರಾರು ತೆಗೀತಾರೆ."

ಫೆಲ್ಸಿ ಬಾಯಿ ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಪತ್ರದ ಮೊದಲ ಭಾಗ ಹಿಂದಿನ ದಿನವೇ ಮುಗಿದಿತ್ತು. ಜಾಗದ ನಾಲ್ಕು ಕಡೆಯ ಗಡಿ ಬರೆಯುವುದಷ್ಟೇ ಬಾಕಿ. ನಾನು ಮೊದಲ ಕೀ ಒತ್ತಿದೆ. ಪರದೆಯ ಮೇಲೆ ಏನೂ ಮೂಡಲಿಲ್ಲ.

ತಂತಿ ಕಿತ್ತು ಚುಚ್ಚಿದೆ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಪಾಸ್‌ವರ್ಡ್ ಸಲೀಸಾಗಿ ತೆಗೆದುಕೊಂಡಿತು, ಒಳಗೆ ಹೋದ ಕೂಡಲೇ ಕೀಬೋರ್ಡ್ ಸತ್ತಿತು. ಶ್ವೇತಾಳ ಲಾಗಿನ್ನಿಗೆ ಹೋದರೆ ಅಕ್ಷರಗಳು ಓಡೋಡಿ ಬಂದವು. ನನ್ನದಕ್ಕೆ ಮರಳಿದರೆ ಮತ್ತೆ ಅದೇ ಕತೆ. ಕಪಾಟಿನಿಂದ ಹಳೆಯ ಕೀಬೋರ್ಡ್ ತೆಗೆದು ಹಾಕಿದೆ. ಅದೂ ಶ್ವೇತಾಳ ಮಾತು ಕೇಳುತ್ತದೆ, ನನ್ನದನ್ನು ಕೇಳುವುದಿಲ್ಲ. ಗಿರಾಕಿಗಳೆದುರು ಆದ ಅವಮಾನಕ್ಕೆ ನನಗೆ ಸಿಟ್ಟು ನೆತ್ತಿಗೇರಿತು. ಮಣಿಪಾಲದ ಪ್ರಶಾಂತನಿಗೆ ಫೋನ್ ಮಾಡಿದೆ. ನನ್ನ ಕಂಪ್ಯೂಟರ್ ನೋಡಿಕೊಳ್ಳುವವನು ಅವನೇ.

ಪ್ರಶಾಂತ ಸ್ಕೂಟರಿನಲ್ಲಿ ಬಂದು ಕುಳಿತ. "ಇದು ಸಣ್ಣ ವಿಷಯ ಅಣ್ಣ. ಕೀ ತುಂಬಾ ಹೊತ್ತು ಒತ್ತಿದ್ರೆ ಮಾತ್ರ ಅಕ್ಷರ ಬರುವ ಒಂದು ಸೆಟ್ಟಿಂಗ್ ಉಂಟು. ಗೊತ್ತಿಲ್ಲದೆ ಆನ್ ಆಗಿರ್ತದೆ" ಎಂದ. ತೆರೆದು ನೋಡಿದರೆ ಅದು ಆಫ್ ಆಗಿಯೇ ಇತ್ತು. ಆಮೇಲೆ ಕೀಬೋರ್ಡಿನ ಚಿತ್ರವನ್ನೇ ಪರದೆಯ ಮೇಲೆ ತಂದು ಮೌಸಿನಿಂದ ಒತ್ತಿದ. ಅದಕ್ಕೂ ಅಕ್ಷರ ಬರಲಿಲ್ಲ. ಕೊನೆಗೆ, ಶ್ವೇತಾಳ ಲಾಗಿನ್ನಿಗೇ ಕನ್ನಡ ಹಾಕಿಬಿಡುತ್ತೇನೆ ಎಂದು ಡೌನ್‌ಲೋಡ್ ಶುರುಮಾಡಿದ. ನೆಟ್ ತೆವಳುತ್ತಿತ್ತು.

ಲಾರೆನ್ಸ್ ಗಡಿಯಾರ ನೋಡುತ್ತಿದ್ದರು. ನೋಂದಣಿಗೆ ಕೊಟ್ಟ ಸಮಯ ಹತ್ತಿರ ಬರುತ್ತಿತ್ತು. "ಎಂತ ಮಾರಾಯ್ರೆ, ಒಂದು ಕೀಬೋರ್ಡ್ ಸರಿ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ವಾ ನಿಮಗೆ? ನಾಳೆ ನಾನು ಹೋಗದಿದ್ರೆ ಕೆಲಸ ಹೋಗ್ತದೆ!" ಎಂದು ನನ್ನ ಮೇಲೆ ಹಾರಿದರು. ಫೆಲ್ಸಿ ಬಾಯಿ ಚೀಲದಿಂದ ಬಾಳೆನಾರಿನ ಕಟ್ಟು ತೆಗೆದು, ಮರುದಿನದ ಹೂ ಕಟ್ಟುವುದಕ್ಕೆಂದು ಉಗುರಿನಿಂದ ಎಳೆ ಎಳೆಯಾಗಿ ಸೀಳುತ್ತಿದ್ದರು. ನಮ್ಮ ನಾಲ್ವರ ನಡುವೆ ಆ ಸಪ್ಪಳ ಒಂದೇ. ಅದು ನನಗೆ ತಡೆಯಲಾಗದಷ್ಟು ಜೋರಾಗಿ ಕೇಳುತ್ತಿತ್ತು.

ಆ ಸಪ್ಪಳ ನಿಂತಿತು. ಫೆಲ್ಸಿ ಬಾಯಿ ತಮ್ಮನಿಗೆ ಕೊಂಕಣಿಯಲ್ಲಿ ಏನೋ ಹೇಳಿದರು. ಅರ್ಥವಾಗುವಷ್ಟು ಕೊಂಕಣಿ ನನಗೆ ಬರುತ್ತದೆ. ಆ ಸಾಲು ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ ಲಾರೆನ್ಸ್, ಎಂದಿದ್ದರು.

ಲಾರೆನ್ಸರ ಮುಖ ಕೆಂಪೇರಿತು. ಬಾಗಿಲು ದೂಡಿ ಹೊರಗೆ ಹೋಗಿ ಕಾರಿಗೆ ಒರಗಿ ನಿಂತರು. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಅವರು ಕೆಟ್ಟ ಮನುಷ್ಯರಲ್ಲ, ಆ ಮಾತನ್ನು ಹೇಳಲೇಬೇಕು. ಒಳಗೆ ಬಂದಾಗ ಅಕ್ಕನ ಕಡೆ ನೋಡದೆ, "ಹಾಕಿ ರೈಟರೇ. ಎಂತ ಬೇಕಾದ್ರೂ ಹಾಕಿ" ಎಂದರು.

ಡೌನ್‌ಲೋಡ್ ಅರ್ಧದಲ್ಲೇ ನಿಂತುಹೋಗಿತ್ತು. "ಒಮ್ಮೆ ನಿಮ್ಮದರಲ್ಲೇ ನೋಡುವ ಅಣ್ಣ" ಎಂದು ಪ್ರಶಾಂತ ನನ್ನ ಲಾಗಿನ್ ತೆರೆದು ಎದ್ದು ನಿಂತ. ನಾನು ಕುಳಿತು ಕೀ ಒತ್ತಿದೆ. ಫೆಲ್ಸಿ ಬಾಯಿಗೆ ಆ ಮನೆಯಲ್ಲಿಯೂ ಅಂಗಳದಲ್ಲಿಯೂ ಜೀವಮಾನವಿಡೀ ವಾಸದ ಹಕ್ಕು ಇರತಕ್ಕದ್ದು ಎಂಬ ಸಾಲು ಮೊದಲಿನಿಂದ ಕೊನೆಯವರೆಗೆ ಒಂದೇ ಓಟಕ್ಕೆ ಮೂಡಿತು. ಪ್ರಶಾಂತ ಎರಡೂ ಕೈ ಎತ್ತಿ, "ನಾನು ಎಂತದೂ ಮಾಡ್ಲಿಲ್ಲ ಅಣ್ಣ" ಎಂದ.

ಗಡಿಗಳನ್ನು ಬರೆದೆ. ಅದೂ ಬಂತು. ಆಗ ನನ್ನೊಳಗಿನ ನಂಬದವನು ಎದ್ದು ಕುಳಿತ. ಆ ಸಾಲನ್ನು ಅಳಿಸಿ ನೋಡು, ಕೀಬೋರ್ಡ್ ಮತ್ತೆ ನಿಲ್ಲುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ ಎಂದ. ಬೆರಳನ್ನು ಬ್ಯಾಕ್‌ಸ್ಪೇಸ್ ಮೇಲೆ ಇಟ್ಟೆ. ಒತ್ತುವ ಧೈರ್ಯ ಬರಲಿಲ್ಲ. ಪ್ರಿಂಟ್ ತೆಗೆದುಕೊಟ್ಟೆ. ಅವರು ಓಡಿಹೋಗಿ ನೋಂದಣಿ ಮುಗಿಸಿದರು.

ಎರಡು ಮಳೆಗಾಲ ಕಳೆದ ಮೇಲೆ ಒಬ್ಬರು ಆ ಪತ್ರದ ನಕಲು ಹಿಡಿದು ನನ್ನಲ್ಲಿಗೆ ಬಂದರು. ಕೆಲಸ ಕಳೆದುಕೊಂಡ ಲಾರೆನ್ಸ್ ಜಾಗ ಮಾರಲು ಹೊರಟಿದ್ದರಂತೆ. "ಈ ಸಾಲು ಯಾರು ಹಾಕಿಸಿದ್ದು ರೈಟರೇ? ಇದು ಇದ್ರೆ ನನಗೆ ಜಾಗ ಬೇಡ" ಎಂದು ಬೇಸರದಿಂದ ಎದ್ದುಹೋದರು. ಆ ವಾರವೇ ನಾನು ಕಾಪುವಿಗೆ ಹೋದೆ. ಫೆಲ್ಸಿ ಬಾಯಿ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ಅಂದು ಏನಾದರೂ ಹರಕೆ ಹೊತ್ತಿದ್ದಿರಾ ಎಂದು, ನಾಚಿಕೆ ಬಿಟ್ಟು ಕೇಳಿದೆ. ಜೋಯಿಸರ ಬಳಿ ಓಡುವ ನನ್ನ ನೆಂಟರು ಅದನ್ನು ಕೇಳಿಸಿಕೊಳ್ಳಬೇಕಿತ್ತು.

"ಇಲ್ಲಪ್ಪ, ಎಂತ ಹರಕೆಯೂ ಇಲ್ಲ. ನಾನು ಸಹಿ ಹಾಕ್ಲಿಕ್ಕೇ ಬಂದದ್ದು. ಅಷ್ಟು ಹೊತ್ತು ಸುಮ್ಮನೆ ಕೂರ್ಲಿಕ್ಕೆ ಸಿಕ್ಕಿತಲ್ಲ, ಹಾಗೆ ಧೈರ್ಯ ಬಂತು" ಎಂದರು.

ಆ ಲಾಗಿನ್ ಆಮೇಲೆ ಒಂದು ದಿನವೂ ಕೈಕೊಟ್ಟಿಲ್ಲ. ಪ್ರಶಾಂತನ ಬಳಿ ಇವತ್ತಿಗೂ ಕಾರಣವಿಲ್ಲ. ನನ್ನ ಬಳಿಯೂ ಇಲ್ಲ. ಅದಕ್ಕೆ ಮೊದಲು ಅದೇ ಲಾಗಿನ್ನಿನಲ್ಲಿ ಎಷ್ಟೋ ಅಕ್ಕತಂಗಿಯರ ಪತ್ರ ಬರೆದಿದ್ದೆ, ಅವರಿಗಾಗಿ ಕೀಬೋರ್ಡ್ ಯಾಕೆ ನಿಲ್ಲಲಿಲ್ಲ ಎಂದು ಯೋಚಿಸಿದರೆ ನನಗೆ ಊಟ ಸೇರುವುದಿಲ್ಲ. ಈಗಲೂ ಹಕ್ಕು ಬಿಡುಗಡೆ ಪತ್ರ ಬರೆಯುವಾಗ, ಗಡಿಯ ಭಾಗ ಬಂದೊಡನೆ ಕೀಗಳ ಮೇಲೆ ಬೆರಳಿಟ್ಟು ತುಸು ಹೊತ್ತು ಸುಮ್ಮನೆ ಕೂರುತ್ತೇನೆ. ಕೀಬೋರ್ಡ್ ಸರಿಯಿಲ್ಲವೇ ಎಂದು ಅಣ್ಣತಮ್ಮಂದಿರು ಕೇಳುತ್ತಾರೆ. ನೋಡುತ್ತಾ ಇದ್ದೇನೆ ಎನ್ನುತ್ತೇನೆ.